ಇಪ್ಪತ್ತಮೂರರ ಹುಡುಗಿ, ಟಿಂಬರ್ ಡಿಪೋದ ಅಮ್ಮ

1933ರ ಡಿಸೆಂಬರ್ 4ರಂದು ಅಮೆರಿಕದ ಷಿಕಾಗೋದಿಂದ ಎನ್‌ಬಿಸಿ ಬಾನುಲಿ ಜಾಲದಲ್ಲಿ ‘ಮಾ ಪರ್ಕಿನ್ಸ್’ ಎಂಬ ಧಾರಾವಾಹಿ ಮೊದಲಾಯಿತು. ಕಥೆ ನಡೆಯುವುದು ರಷ್‌ವಿಲ್ ಸೆಂಟರ್ ಎಂಬ ಕಲ್ಪನೆಯ ಸಣ್ಣ ಊರಿನಲ್ಲಿ. ಗಂಡ ತೀರಿಕೊಂಡ ಮೇಲೆ ಅವನ ಟಿಂಬರ್ ಡಿಪೋವನ್ನು ತಾನೇ ನಡೆಸಿಕೊಂಡು, ಮೂವರು ಮಕ್ಕಳ ಬದುಕನ್ನೂ ಊರವರ ಕಷ್ಟಸುಖಗಳನ್ನೂ ತೂಗಿಸಿಕೊಂಡು ಹೋಗುವ ಹಿರಿಯ ಹೆಂಗಸು ಅದರ ನಾಯಕಿ. ಆಕೆಗೆ ಓದು ಕಡಿಮೆ, ಲೋಕಾನುಭವ ಹೆಚ್ಚು. ಮಾತು ನಿಧಾನ. ಆ ಧ್ವನಿಯನ್ನು ಕೇಳುತ್ತಿದ್ದ ಗೃಹಿಣಿಯರ ಕಣ್ಣಮುಂದೆ ಬರುತ್ತಿದ್ದದ್ದು ನರೆಗೂದಲಿನ, ಕನ್ನಡಕ ಹಾಕಿಕೊಂಡ ತಾಯಿ. ಮೈಕಿನ ಮುಂದೆ ನಿಂತಿದ್ದವರು ವರ್ಜೀನಿಯಾ ಪೇನ್. ಅವರಿಗೆ ಆಗ 23 ವರ್ಷ.

ಅದೇ ಪಾತ್ರವನ್ನು ಅವರು 1960ರ ನವೆಂಬರ್ 25ರವರೆಗೆ 27 ವರ್ಷ ಕಾಲ ಆಡಿದರು. ಒಟ್ಟು 7,065 ಕಂತುಗಳು, ಒಂದನ್ನೂ ತಪ್ಪಿಸಲಿಲ್ಲ. ಬಾನುಲಿಯ ಚರಿತ್ರೆ ಬರೆಯುವವರು ಈ ಅಂಕಿಯನ್ನು ದಾಖಲೆಯೆಂದು ಮೆಚ್ಚಿ ಮುಂದಕ್ಕೆ ಹೋಗಿಬಿಡುತ್ತಾರೆ. ನಾನು ಅಲ್ಲಿಯೇ ನಿಲ್ಲುತ್ತೇನೆ, ಏಕೆಂದರೆ ಆ ಅಂಕಿಯ ಹಿಂದೆ ಒಂದು ಕಠಿಣವಾದ ಪ್ರಶ್ನೆ ಇದೆ. ಮುಖ ಕಾಣಿಸಬಾರದು, ಹೆಸರು ಕೇಳಿಸಬಾರದು ಎಂಬ ಕಟ್ಟಳೆಯ ಕೆಲಸದಲ್ಲಿ ಬದುಕಿನ ಅತ್ಯುತ್ತಮ ವರ್ಷಗಳನ್ನು ಕಳೆದ ನಟಿ ತನ್ನದೆಂದು ಏನನ್ನು ಉಳಿಸಿಕೊಳ್ಳಬಲ್ಲಳು?

ಸೋಪಿನ ಊರು

ವರ್ಜೀನಿಯಾ ಹುಟ್ಟಿದ್ದು 1910ರ ಜೂನ್ 19ರಂದು, ಓಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ. ತಂದೆ ವೈದ್ಯರು. ಓದಿದ್ದು ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ. ಆ ಊರಿನಲ್ಲಿ ಹುಟ್ಟಿದ್ದೇ ಅವರ ವೃತ್ತಿಯ ದಿಕ್ಕನ್ನು ಗೊತ್ತುಮಾಡಿತು ಎಂದರೆ ಹೆಚ್ಚಾಗದು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಎಂಬ ಸೋಪಿನ ಕಂಪನಿಯ ಕೇಂದ್ರ ಕಚೇರಿ ಅಲ್ಲಿಯೇ ಇತ್ತು. ದೇಶದ ಅತ್ಯಂತ ಬಲಶಾಲಿ ಬಾನುಲಿ ಕೇಂದ್ರಗಳಲ್ಲಿ ಒಂದಾದ ಡಬ್ಲ್ಯುಎಲ್‌ಡಬ್ಲ್ಯು ಕೂಡ ಅಲ್ಲಿಯದೇ. 1934ರಲ್ಲಿ ಆ ಕೇಂದ್ರದ ಪ್ರಸಾರಶಕ್ತಿ 500 ಕಿಲೋವಾಟ್ ಮುಟ್ಟಿತು. ನಾಟಕದ ಹಂಬಲವಿದ್ದ ಹುಡುಗಿಗೆ ನ್ಯೂಯಾರ್ಕಿನ ರಂಗಭೂಮಿ ದೂರವಿತ್ತು. ಮೈಕು ಮಾತ್ರ ಮನೆಯ ಹತ್ತಿರವೇ ಇತ್ತು.

ಅದು ಆರ್ಥಿಕ ಕುಸಿತದ ಕಾಲ. ಜನರ ಕೈಯಲ್ಲಿ ಹಣವಿಲ್ಲ, ಆದರೂ ಬಟ್ಟೆ ಒಗೆಯದೆ ಇರಲಾಗದು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಗೆ ಆಕ್ಸಿಡಾಲ್ ಎಂಬ ಬಟ್ಟೆ ಸೋಪಿನ ಪುಡಿಯನ್ನು ಮಾರಬೇಕಿತ್ತು. ಎದುರಾಳಿಯಾಗಿ ಲಿವರ್ ಕಂಪನಿಯ ರಿನ್ಸೋ ಇತ್ತು. ಮಧ್ಯಾಹ್ನದ ಹೊತ್ತು ಒಬ್ಬಳೇ ಮನೆಗೆಲಸ ಮಾಡುವ ಹೆಂಗಸಿನ ಕಿವಿಗೆ ದಿನವೂ ಕಥೆ ಹೇಳಿದರೆ ಅವಳು ಕಥೆಯನ್ನೂ ಮರೆಯಳು, ಪುಡಿಯ ಹೆಸರನ್ನೂ ಮರೆಯಳು ಎಂಬುದು ಲೆಕ್ಕಾಚಾರ. ಹೀಗೆ ಬಂದ ಧಾರಾವಾಹಿಗಳನ್ನು 1930ರ ದಶಕದ ಕೊನೆಯ ಹೊತ್ತಿಗೆ ಪತ್ರಿಕೆಗಳು ‘ಸೋಪ್ ಆಪೆರಾ’ ಎಂದು ಕರೆಯತೊಡಗಿದವು. ಸೋಪು ಮಾರುವವರು ಖರ್ಚು ಹಾಕುತ್ತಿದ್ದರು, ಕಥೆಯಲ್ಲಿ ಆಪೆರಾದಂತೆ ಕಣ್ಣೀರು ಧಾರಾಳವಾಗಿ ಹರಿಯುತ್ತಿತ್ತು. ಇಂದು ನಮ್ಮ ಟಿವಿ ಧಾರಾವಾಹಿಗಳಿಗೂ ಅಂಟಿಕೊಂಡಿರುವ ಈ ಹೆಸರು ಹುಟ್ಟಿದ್ದು ಬಾನುಲಿಯಲ್ಲಿ.

‘ಮಾ ಪರ್ಕಿನ್ಸ್’ ಮೊದಲು ಪರೀಕ್ಷೆಗೆ ಒಳಗಾದದ್ದು ಊರಿನ ಕೇಂದ್ರದಲ್ಲಿಯೇ, 1933ರ ಆಗಸ್ಟ್ 14ರಿಂದ. ಹದಿನಾರು ವಾರ ಸಿನ್ಸಿನಾಟಿಯಲ್ಲಿ ಗೆದ್ದ ಮೇಲೆ ಷಿಕಾಗೋಕ್ಕೆ ಹೋಯಿತು. ಆ ಕಾಲದ ಹಗಲು ಧಾರಾವಾಹಿಗಳಿಗೆ ಷಿಕಾಗೋ ತವರುಮನೆಯಂತಿತ್ತು. ದೊಡ್ಡ ಜಾಹೀರಾತು ಏಜೆನ್ಸಿಗಳು ಅಲ್ಲಿದ್ದವು. ಫ್ರಾಂಕ್ ಹಮ್ಮರ್ಟ್ ಮತ್ತು ಮುಂದೆ ಅವರ ಪತ್ನಿಯಾದ ಆ್ಯನ್ ಅಲ್ಲಿಂದಲೇ ಧಾರಾವಾಹಿಗಳನ್ನು ಕಾರ್ಖಾನೆಯ ಶಿಸ್ತಿನಲ್ಲಿ ಹೊರತರುತ್ತಿದ್ದರು. ಕಥೆಯ ಹಂದರವನ್ನು ಅವರು ಕೊಡುತ್ತಿದ್ದರು, ಸಂಭಾಷಣೆಯನ್ನು ಕೂಲಿ ಬರಹಗಾರರು ತುಂಬುತ್ತಿದ್ದರು, ನಟರು ಬಂದು ಓದುತ್ತಿದ್ದರು. ‘ಮಾ ಪರ್ಕಿನ್ಸ್’ ಅವರ ಕಾರ್ಖಾನೆಯಿಂದಲೇ ಬಂದದ್ದು.

ಕಾರ್ಯಕ್ರಮದ ಪೂರ್ತಿ ಹೆಸರನ್ನು ಉದ್ಘೋಷಕರು ಹೇಳುತ್ತಿದ್ದದ್ದು ‘ಆಕ್ಸಿಡಾಲ್‌ನ ಸ್ವಂತ ಮಾ ಪರ್ಕಿನ್ಸ್’ ಎಂದು. ಆ ‘ಸ್ವಂತ’ ಎಂಬ ಪದವನ್ನು ಗಮನಿಸಬೇಕು. ತಾಯಿಯೊಬ್ಬಳನ್ನು ಸೋಪಿನ ಪುಡಿಯೊಂದು ತನ್ನವಳೆಂದು ಸಾರಿಕೊಳ್ಳುತ್ತಿತ್ತು. ಆ ತಾಯಿಗೆ ಉಸಿರು ಕೊಟ್ಟ ನಟಿಯ ಹೆಸರಿಗೆ ಆ ಸಾಲಿನಲ್ಲಿ ಜಾಗವಿರಲಿಲ್ಲ.

ಧ್ವನಿಯ ಕೆಲಸ

ನಾಟಕದವರಿಗೆ ಮುದುಕಿಯ ಪಾತ್ರ ಹೊಸದಲ್ಲ. ನಮ್ಮ ಕಂಪನಿ ನಾಟಕಗಳಲ್ಲಿ ಹದಿಹರೆಯದವರು ಅಜ್ಜಿಯಾಗಿ ರಂಗಕ್ಕೆ ಬಂದದ್ದುಂಟು. ಆದರೆ ಅಲ್ಲಿ ಬಣ್ಣವಿದೆ, ಬಿಳಿಯ ಕೂದಲಿದೆ, ಬಾಗಿದ ಬೆನ್ನಿದೆ, ಕೈಯಲ್ಲಿ ಕೋಲಿದೆ. ಬಾನುಲಿಯಲ್ಲಿ ಇವು ಯಾವುವೂ ಇಲ್ಲ. ವಯಸ್ಸೆಂಬುದು ಉಸಿರಿನಲ್ಲಿ, ಮಾತಿನ ನಡುವೆ ಬಿಡುವ ಜಾಗದಲ್ಲಿ, ಪದದ ಕೊನೆಯನ್ನು ಇಳಿಸುವ ರೀತಿಯಲ್ಲಿ ಮಾತ್ರ ಇರಬೇಕು. ಅತಿಯಾದರೆ ಅಣಕವಾಗುತ್ತದೆ. ಅಣಕವನ್ನು ಒಂದು ಸಂಜೆ ಸಹಿಸಬಹುದು, ವಾರಕ್ಕೆ ಐದು ದಿನ ಯಾರೂ ಸಹಿಸುವುದಿಲ್ಲ.

ಉಳಿದಿರುವ ಧ್ವನಿಮುದ್ರಣಗಳನ್ನು ಕೇಳಿದಾಗ ನನಗೆ ಮೊದಲು ತಿಳಿದದ್ದು ಅವರ ಸಂಯಮ. ಹಳ್ಳಿಗಾಡಿನ ಉಚ್ಚಾರವಿದೆ, ಆದರೆ ಅದನ್ನು ತೋರಿಸಿಕೊಳ್ಳುವ ಆತುರವಿಲ್ಲ. ದುಃಖದ ಸನ್ನಿವೇಶದಲ್ಲಿ ಧ್ವನಿ ಏರುವ ಬದಲು ತಗ್ಗುತ್ತದೆ, ಅಡುಗೆಮನೆಯ ಮೇಜಿನ ಆಚೆ ಕುಳಿತು ಮಾತನಾಡಿದಂತೆ ಕೇಳಿಸುತ್ತದೆ. ಕಿವಿಯ ಪಕ್ಕದಲ್ಲಿ ನಿಂತು ಮಾತನಾಡುವವರು ಕೂಗಬಾರದು ಎಂಬ ಮೈಕಿನ ಮರ್ಮ ಅವರಿಗೆ ಚೆನ್ನಾಗಿ ಗೊತ್ತಿತ್ತು. ರಂಗದಿಂದ ಬಂದ ಎಷ್ಟೋ ನಟರಿಗೆ ಇದು ಕೈಹತ್ತಲಿಲ್ಲ. ಅವರು ಹಿಂದಿನ ಸಾಲಿನ ಪ್ರೇಕ್ಷಕನಿಗೆ ಕೇಳಿಸುವಂತೆ ಆಡಿ ಅಭ್ಯಾಸವಾದವರು.

ದಿನಚರಿಯೂ ಹಗುರವಾದದ್ದಲ್ಲ. ಹದಿನೈದು ನಿಮಿಷದ ಕಂತಿಗೆ ಸ್ವಲ್ಪ ಹೊತ್ತಿನ ತಾಲೀಮು, ಆಮೇಲೆ ಪ್ರಸಾರ. ಸಂಭಾಷಣೆಯನ್ನು ಬಾಯಿಪಾಠ ಮಾಡಬೇಕಿರಲಿಲ್ಲ, ಕೈಯಲ್ಲಿ ಹಾಳೆ ಇರುತ್ತಿತ್ತು. ಆದರೆ ಓದುತ್ತಿದ್ದಾರೆಂದು ಕೇಳುಗರಿಗೆ ತಿಳಿಯಬಾರದು, ಹಾಳೆ ಮಗುಚುವ ಸದ್ದು ಮೈಕಿಗೆ ಬೀಳಬಾರದು. ದೂರದಿಂದ ಬಂದಂತೆ ಕೇಳಿಸಬೇಕಾದರೆ ಮೈಕಿನಿಂದ ಎರಡು ಹೆಜ್ಜೆ ಹಿಂದೆ ಸರಿದು ಮಾತು ಶುರು ಮಾಡಿ ಹತ್ತಿರಕ್ಕೆ ಬರಬೇಕು. ಜೊತೆಗೆ ಆರ್ಗನ್ ವಾದ್ಯದ ಹಿನ್ನೆಲೆ, ಮೂಲೆಯಲ್ಲಿ ಬಾಗಿಲಿನ ಸದ್ದು, ಹೆಜ್ಜೆ ಸದ್ದು ಮಾಡುವವರು. ಷಿಕಾಗೋದ ಬಾನುಲಿ ನಟರು ಒಂದು ಸ್ಟುಡಿಯೋದಲ್ಲಿ ಕೆಲಸ ಮುಗಿಸಿ ಇನ್ನೊಂದಕ್ಕೆ ಓಡುತ್ತಿದ್ದರು. ಪೇನ್ ಅವರೂ ‘ದ ಕಾರ್ಟರ್ಸ್ ಆಫ್ ಎಲ್ಮ್ ಸ್ಟ್ರೀಟ್’ ಮೊದಲಾದ ಬೇರೆ ಧಾರಾವಾಹಿಗಳಲ್ಲಿ ನಟಿಸಿದರು.

ಲೆಕ್ಕ ಹಾಕಿ ನೋಡಿದೆ. 7,065 ಕಂತುಗಳನ್ನು ತಲಾ ಹದಿನೈದು ನಿಮಿಷದಂತೆ ಜಾಹೀರಾತೂ ಸೇರಿಸಿ ಹಗಲು ರಾತ್ರಿ ಎಡೆಬಿಡದೆ ಕೇಳಿದರೆ 73 ದಿನ ದಾಟುತ್ತದೆ. ಒಂದೇ ಪಾತ್ರ, ಒಂದೇ ಧ್ವನಿ. ಸಿನ್ಸಿನಾಟಿಯ ಹದಿನಾರು ವಾರಗಳು ಈ ಎಣಿಕೆಗೆ ಸೇರಿಲ್ಲ. ಕಂತುಗಳನ್ನು ಎಣಿಸಿದ್ದು ಷಿಕಾಗೋದ ಮೊದಲ ದಿನದಿಂದ.

ಮುಚ್ಚಿಟ್ಟ ಮುಖ

ಸಾರ್ವಜನಿಕವಾಗಿ ಕಾಣಿಸಿಕೊಳ್ಳಬೇಕಾದಾಗ, ಪ್ರಚಾರದ ಚಿತ್ರ ತೆಗೆಸಿಕೊಳ್ಳಬೇಕಾದಾಗ ಪೇನ್ ನರೆಗೂದಲಿನ ವಿಗ್ ತೊಟ್ಟು, ಕನ್ನಡಕ ಹಾಕಿಕೊಂಡು, ಹಿರಿಯರ ಉಡುಪಿನಲ್ಲಿ ಬರುತ್ತಿದ್ದರು. ಮಾ ಪರ್ಕಿನ್ಸ್ ಆಡುವವಳು ಇಪ್ಪತ್ತರ ಹರೆಯದ ಹುಡುಗಿ ಎಂದು ಗೊತ್ತಾದರೆ ಕೇಳುಗರ ನಂಬಿಕೆ ಒಡೆಯುತ್ತದೆ, ನಂಬಿಕೆ ಒಡೆದರೆ ಪುಡಿ ಮಾರಾಟವಾಗುವುದಿಲ್ಲ. ಕಾರ್ಯಕ್ರಮದ ಕೊನೆಯಲ್ಲಿ ನಟರ ಹೆಸರು ಹೇಳುವ ರೂಢಿಯೂ ಹಮ್ಮರ್ಟ್ ದಂಪತಿಗಳ ಕಾರ್ಖಾನೆಯಲ್ಲಿ ಇರಲಿಲ್ಲ.

ಇದರ ಹಿಂದೆ ವ್ಯಾಪಾರದ ಇನ್ನೊಂದು ಯುಕ್ತಿಯೂ ಇದ್ದಿರಬೇಕೆಂದು ನಾನು ತಿಳಿಯುತ್ತೇನೆ. ಹೆಸರಿಲ್ಲದ ನಟರನ್ನು ಬದಲಿಸುವುದು ಸುಲಭ. ಅವರು ಹೆಚ್ಚು ಸಂಬಳ ಕೇಳಿದರೆ ಬೇರೊಬ್ಬರನ್ನು ತರಬಹುದು. ಈ ಧಾರಾವಾಹಿಯಲ್ಲಿಯೇ ಮಾ ಪರ್ಕಿನ್ಸಳ ಹಿರಿಯ ಮಗಳು ಈವಿಯಾಗಿ, ಕಿರಿಯ ಮಗಳು ಫೇಯಾಗಿ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ನಟಿಯರು ಬಂದರು. ಡಿಪೋದ ಜೊತೆಗಾರ ಷಫಲ್ ಷೋಬರ್ ಪಾತ್ರವನ್ನು ಕಾಲು ಶತಮಾನ ಆಡಿದ ಚಾರ್ಲ್ಸ್ ಎಗಲ್‌ಸ್ಟನ್ ಅವರ ನಂತರ ಅದು ಎಡ್ವಿನ್ ವುಲ್ಫ್ ಅವರಿಗೆ ಹೋಯಿತು. ಅಳಿಯ ವಿಲ್ಲಿಯ ಪಾತ್ರದಲ್ಲಿ ಮರ್ರೆ ಫೋರ್ಬ್ಸ್ ಮೊದಲಿನಿಂದ ಕೊನೆಯವರೆಗೂ ಉಳಿದರು. ಮಾ ಪರ್ಕಿನ್ಸಳ ಧ್ವನಿಯಂತೂ ಒಂದು ದಿನವೂ ಬದಲಾಗಲಿಲ್ಲ. ಪ್ರಾಯೋಜಕರು ಹೆಸರನ್ನು ಮರೆಮಾಡಿದ್ದರು. ಆದರೆ ಎಷ್ಟೋ ವರ್ಷ ಪ್ರತಿ ಮಧ್ಯಾಹ್ನ ಕೇಳಿದ ಕಿವಿಗಳು ಆ ಧ್ವನಿಯನ್ನು ಬಿಟ್ಟು ಇನ್ನೊಂದನ್ನು ಒಪ್ಪುವಂತಿರಲಿಲ್ಲ. ಹೆಸರಿಲ್ಲದೆಯೇ ಅವರು ಬದಲಿಸಲಾಗದವರಾದರು. ಅವರ ವೃತ್ತಿಯ ದೊಡ್ಡ ಗೆಲುವು ಇದೇ ಎಂದು ನನ್ನ ಎಣಿಕೆ.

ಕೇಳುಗರು ಆಕೆಯನ್ನು ಎಷ್ಟು ನಿಜವೆಂದು ನಂಬಿದ್ದರು ಎಂಬುದಕ್ಕೆ ಎರಡನೆಯ ಮಹಾಯುದ್ಧದ ಕಾಲದ ಒಂದು ಘಟನೆ ಸಾಕು. ಕಥೆಯಲ್ಲಿ ಮಾ ಪರ್ಕಿನ್ಸಳ ಮಗ ಜಾನ್ ಯುದ್ಧಕ್ಕೆ ಹೋಗಿ ಸತ್ತ. ಸೋಪ್ ಆಪೆರಾಗಳಲ್ಲಿ ಸಾಯುವವರು ಬಹಳ, ಆದರೆ ಇಂಥ ಸಾವು ಅಪರೂಪ. ದಿನವೂ ಯಾರದೋ ಮನೆಗೆ ಅದೇ ಸುದ್ದಿಯ ತಂತಿ ಬರುತ್ತಿದ್ದ ದಿನಗಳವು. ಕೇಳುಗರಿಂದ ಸಾಂತ್ವನದ ಪತ್ರಗಳೂ ಬಂದವು, ಪ್ರತಿಭಟನೆಯ ಪತ್ರಗಳೂ ಬಂದವು. ಮೂವತ್ತರ ಆಸುಪಾಸಿನ ನಟಿ ಮಗನನ್ನು ಕಳೆದುಕೊಂಡ ತಾಯಿಯ ದುಃಖವನ್ನು ನಿಜವಾಗಿಯೂ ಮಗನನ್ನು ಕಳೆದುಕೊಂಡ ತಾಯಂದಿರ ಮುಂದೆ ಆಡಬೇಕಿತ್ತು. ಇಂಥ ಹೊಣೆಯನ್ನು ಯಾವ ರಂಗಭೂಮಿ ತನ್ನ ನಟಿಯ ಮೇಲೆ ಹೊರಿಸಿದೆಯೋ ನಾನರಿಯೆ.

ಮುಖವಿಲ್ಲದ ಜನಪ್ರಿಯತೆ ನಮಗೂ ಅಪರಿಚಿತವಲ್ಲ. ಬೆಂಗಳೂರು ಆಕಾಶವಾಣಿಯ ಈರಣ್ಣನಾಗಿ ಮಾತನಾಡಿದ ಎ.ಎಸ್. ಮೂರ್ತಿಯವರು ‘ಆಕಾಶವಾಣಿ ಈರಣ್ಣ’ ಎಂದೇ ಮನೆಮಾತಾದರು. ಆದರೆ ನಮ್ಮ ಬಾನುಲಿಯ ಹಿಂದೆ ಸೋಪಿನ ಕಂಪನಿ ಇರಲಿಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಹುಮ್ಮಸ್ಸಿನಿಂದ ಕಟ್ಟಿದ ಕೇಂದ್ರಕ್ಕೂ, ಆಮೇಲಿನ ಸರ್ಕಾರಿ ಕೇಂದ್ರಗಳಿಗೂ ಜಾಹೀರಾತಿನ ಹಂಗಿರಲಿಲ್ಲ. ವಿವಿಧ ಭಾರತಿಯಲ್ಲಿ ಜಾಹೀರಾತು ಬಂದದ್ದು 1967ರಲ್ಲಿ. ಹಾಗಾಗಿ ನಮ್ಮಲ್ಲಿ ಬಾನುಲಿ ನಾಟಕ ಸಾಹಿತ್ಯದ ಬಂಧುವಾಗಿ ಬೆಳೆಯಿತು, ಅಮೆರಿಕದಲ್ಲಿ ಅಂಗಡಿಯ ಬಂಧುವಾಯಿತು. ಪೇನ್ ಅವರ ದಾರಿಯನ್ನು ಅಳೆಯುವಾಗ ಈ ವ್ಯತ್ಯಾಸ ನೆನಪಿನಲ್ಲಿರಬೇಕು.

ಬೇರೆ ದಾರಿಗಳು

ಅವರ ಕಾಲದಲ್ಲಿಯೇ ಇನ್ನಿಬ್ಬರು ಹೆಂಗಸರು ಇದೇ ಕ್ಷೇತ್ರದಲ್ಲಿ ಬೇರೆ ದಾರಿ ಹಿಡಿದರು. ಗರ್ಟ್ರೂಡ್ ಬರ್ಗ್ 1929ರ ನವೆಂಬರಿನಲ್ಲಿ ನ್ಯೂಯಾರ್ಕಿನ ಯಹೂದಿ ಕುಟುಂಬವೊಂದರ ಕಥೆಯನ್ನು ತಾವೇ ಬರೆದು, ತಾವೇ ಮಾಲಿ ಎಂಬ ಹೆಸರಿನ ತಾಯಿಯಾಗಿ ನಟಿಸಿ ಬಾನುಲಿಗೆ ತಂದರು. 1949ರಲ್ಲಿ ಅದನ್ನೇ ಟಿವಿಗೂ ಒಯ್ದರು. ಐರ್ನಾ ಫಿಲಿಪ್ಸ್ 1930ರಲ್ಲಿ ಷಿಕಾಗೋದ ಡಬ್ಲ್ಯುಜಿಎನ್ ಕೇಂದ್ರಕ್ಕೆ ‘ಪೇಂಟೆಡ್ ಡ್ರೀಮ್ಸ್’ ಬರೆದು ಅದರ ತಾಯಿಯ ಪಾತ್ರವನ್ನೂ ಆಡಿದರು. ಕಥೆ ಯಾರ ಸ್ವತ್ತು ಎಂಬ ಜಗಳ ನ್ಯಾಯಾಲಯಕ್ಕೆ ಹೋಗಿ ಫಿಲಿಪ್ಸ್ ಸೋತರು. ಆ ಸೋಲಿನಿಂದ ಪಾಠ ಕಲಿತು, ಮುಂದಿನ ಧಾರಾವಾಹಿಗಳ ಹಕ್ಕನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡರು.

ಪೇನ್ ಬರಹಗಾರ್ತಿಯಲ್ಲ. ಮಾ ಪರ್ಕಿನ್ಸಳನ್ನು ಕಲ್ಪಿಸಿದವರು ಬೇರೆ. ಮೊದಲು ರಾಬರ್ಟ್ ಹಾರ್ಡಿ ಆ್ಯಂಡ್ರೂಸ್, ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಆರಿನ್ ಟಾವ್ರಾವ್ ಅದನ್ನು ಬರೆದರು. ಕಥೆಯ ಒಡೆತನ ಕಂಪನಿಯದು. ಹಕ್ಕಿನ ಲೆಕ್ಕದಲ್ಲಿ ಪೇನ್ ಕೈಯಲ್ಲಿ ಏನೂ ಇರಲಿಲ್ಲ. ಅಂಥವರಿಗೆ ಉಳಿದಿದ್ದ ದಾರಿ ಒಂದೇ, ಒಗ್ಗಟ್ಟು. ಆ ದಾರಿಯನ್ನು ಅವರು ಪೂರ್ಣ ಮನಸ್ಸಿನಿಂದ ಹಿಡಿದರು.

ಬಾನುಲಿ ಕಲಾವಿದರ ಸಂಘ 1937ರಲ್ಲಿ ಹುಟ್ಟಿತು. 1952ರಲ್ಲಿ ಟಿವಿ ಕಲಾವಿದರನ್ನೂ ಸೇರಿಸಿಕೊಂಡು ಆಫ್‌ಟ್ರಾ ಎಂಬ ಹೆಸರು ಪಡೆಯಿತು. 1954ರಲ್ಲಿ ಅದರ ಸದಸ್ಯರಿಗೆ ಆರೋಗ್ಯ ಮತ್ತು ನಿವೃತ್ತಿ ನಿಧಿ ದೊರೆಯಿತು. ಪೇನ್ ಮೊದಲು ಸ್ಥಳೀಯ ಶಾಖೆಯಲ್ಲಿ ದುಡಿದು, 1950ರ ದಶಕದ ಕೊನೆಗೆ ಇಡೀ ದೇಶದ ಸಂಘಕ್ಕೆ ಅಧ್ಯಕ್ಷೆಯಾದರು. ಗಮನಿಸಿ: ಆ ಸಮಯದಲ್ಲಿಯೂ ದಿನವೂ ಮೈಕಿನ ಮುಂದೆ ನಿಂತು ಮಾ ಪರ್ಕಿನ್ಸ್ ಆಗುತ್ತಿದ್ದರು. ಕೇಳುಗರ ಪಾಲಿಗೆ ಹೆಸರೇ ಇಲ್ಲದವರು ಸಂಘದ ಕಾಗದಪತ್ರಗಳಲ್ಲಿ ಸ್ವಂತ ಹೆಸರಿನಿಂದ ಸಹಿ ಹಾಕುತ್ತಿದ್ದರು. ಅವರನ್ನು ‘ಒಂದೇ ಪಾತ್ರದ ನಟಿ’ ಎಂದು ಕರೆಯುವವರು ಜೀವನದ ಈ ಅರ್ಧವನ್ನು ಬಿಟ್ಟು ಮಾತನಾಡುತ್ತಾರೆ. ಅದು ಅನ್ಯಾಯ.

ಒಂದೇ ದಿನದಲ್ಲಿ

1940ರ ದಶಕದ ಬಹುಭಾಗ ‘ಮಾ ಪರ್ಕಿನ್ಸ್’ ಎನ್‌ಬಿಸಿ ಮತ್ತು ಸಿಬಿಎಸ್ ಎರಡೂ ಜಾಲಗಳಲ್ಲಿ ಬರುತ್ತಿತ್ತು. ಆ ದಶಕದ ಕೊನೆಯ ಭಾಗದಲ್ಲಿ ತಯಾರಿಕೆ ನ್ಯೂಯಾರ್ಕಿಗೆ ಹೋಯಿತು, ಪೇನ್ ಕೂಡ ಹೋದರು. ಅಷ್ಟರಲ್ಲಿ ಟಿವಿ ಬಂತು. ಫಿಲಿಪ್ಸ್ ಅವರ ‘ದ ಗೈಡಿಂಗ್ ಲೈಟ್’ 1952ರಲ್ಲಿ ಟಿವಿಗೆ ದಾಟಿತು. ಅದರ ನಟಿ ಷರೀಟಾ ಬಾವರ್ ಬಾನುಲಿಯಿಂದ ಟಿವಿಗೆ ಅದೇ ಪಾತ್ರದಲ್ಲಿ ನಡೆದುಹೋದರು. ಪೇನ್ ಅವರಿಗೆ ಆ ಸೇತುವೆ ಸಿಗಲಿಲ್ಲ. ಆಗ ಅವರಿಗೆ ನಲವತ್ತರ ಆಸುಪಾಸು, ಪಾತ್ರಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು. ಎರಡು ದಶಕ ಮುಚ್ಚಿಟ್ಟಿದ್ದ ಮುಖವನ್ನು ಕ್ಯಾಮೆರಾ ಏನು ಮಾಡೀತು?

1956ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕೈಬಿಟ್ಟಿತು. ‘ಆಕ್ಸಿಡಾಲ್‌ನ ಸ್ವಂತ’ ತಾಯಿ ಆಕ್ಸಿಡಾಲ್‌ಗೆ ಬೇಡವಾದಳು. ಬೇರೆ ಬೇರೆ ಜಾಹೀರಾತುದಾರರ ನೆರವಿನಲ್ಲಿ ಇನ್ನೂ ನಾಲ್ಕು ವರ್ಷ ನಡೆಯಿತು. ಕೊನೆಗೆ ಸಿಬಿಎಸ್ ತನ್ನಲ್ಲಿ ಉಳಿದಿದ್ದ ನಾಲ್ಕು ಬಾನುಲಿ ಧಾರಾವಾಹಿಗಳನ್ನೂ ಒಂದೇ ದಿನ, 1960ರ ನವೆಂಬರ್ 25ರಂದು ಮುಗಿಸಿತು. ದೊಡ್ಡ ಜಾಹೀರಾತಿನ ಹಣ ಟಿವಿಗೆ ಹೋಗಿತ್ತು, ಸ್ಥಳೀಯ ಕೇಂದ್ರಗಳಿಗೆ ಆ ಸಮಯ ತಮ್ಮ ಕೈಗೇ ಬೇಕಿತ್ತು.

ಆಮೇಲಿನ ವರ್ಷಗಳಲ್ಲಿ ಪೇನ್ ರಂಗದ ಮೇಲೆ ನಟಿಸಿದರು. ಮುಖ ಕಾಣುವಂತೆ, ಹೆಸರು ಅಚ್ಚಾಗುವಂತೆ. 1977ರ ಫೆಬ್ರುವರಿ 10ರಂದು, ಹುಟ್ಟಿದ ಊರಾದ ಸಿನ್ಸಿನಾಟಿಯಲ್ಲಿ ತೀರಿಕೊಂಡರು.

ಕೊನೆಯ ಕಂತಿನ ಧ್ವನಿಮುದ್ರಣ ಉಳಿದಿದೆ. ಹಿಂದಿನ ದಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಕಥೆಯಲ್ಲಿಯೂ ಅದೇ ಹಬ್ಬದ ಸಡಗರ. ಕಥೆ ಮುಗಿದ ಮೇಲೆ ಅದೇ ಧ್ವನಿ ಕೇಳುಗರ ಕಡೆ ತಿರುಗುತ್ತದೆ. ಇದು ನಮ್ಮ 7,065ನೆಯ ಪ್ರಸಾರ, ನಾನು ಇಲ್ಲಿಗೆ ಮೊದಲು ಬಂದದ್ದು 1933ರ ಡಿಸೆಂಬರ್ 4ರಂದು, 27 ವರ್ಷ ನಿಷ್ಠೆಯಿಂದ ಕೇಳಿದ್ದಕ್ಕೆ ವಂದನೆಗಳು ಎನ್ನುತ್ತದೆ. ಆಮೇಲೆ ಅವರು ಒಬ್ಬೊಬ್ಬರ ಹೆಸರನ್ನೂ ಹೇಳುತ್ತಾರೆ: ವಿಲ್ಲಿಯನ್ನು ಮೊದಲಿನಿಂದ ಆಡಿದವರು ಯಾರು, ಷಫಲ್ ಯಾರು, ಅವರ ನಂತರ ಬಂದವರು ಯಾರು, ಫೇ ಯಾರು, ಈವಿ ಯಾರು, ಬರೆದವರು ಯಾರು. ಇಷ್ಟು ವರ್ಷ ಹೆಸರಿಲ್ಲದೆ ದುಡಿದ ಸಹೋದ್ಯೋಗಿಗಳನ್ನು ಸಂಘದ ಅಧ್ಯಕ್ಷೆಯಾಗಿದ್ದವರು ಹೀಗೆ ಒಬ್ಬೊಬ್ಬರನ್ನಾಗಿ ಬೆಳಕಿಗೆ ತಂದು ನಿಲ್ಲಿಸುತ್ತಾರೆ. ತಮ್ಮ ಹೆಸರನ್ನು ಎಲ್ಲರಿಗಿಂತ ಕೊನೆಗೆ ಇಟ್ಟುಕೊಳ್ಳುತ್ತಾರೆ: ಮಾ ಪರ್ಕಿನ್ಸಳನ್ನು ಮೊದಲಿನಿಂದಲೂ ಆಡಿದವಳು ನಾನು, ವರ್ಜೀನಿಯಾ ಪೇನ್.

ಅದರ ಮುಂದಿನ ಮಾತು ಬರುವಾಗ ನಾನು ಪ್ರತಿ ಸಲವೂ ಧ್ವನಿಮುದ್ರಣವನ್ನು ನಿಲ್ಲಿಸಿ ಹಿಂದಕ್ಕೆ ಹೋಗಿ ಮತ್ತೆ ಕೇಳುತ್ತೇನೆ. ಪತ್ರ ಬರೆದರೆ ಉತ್ತರಿಸಲು ಪ್ರಯತ್ನಿಸುತ್ತೇನೆ ಎಂದು ಹೇಳಿ ವಿಳಾಸ ಕೊಡುತ್ತಾರೆ: ಮಾ ಪರ್ಕಿನ್ಸ್, ಆರ್ಲೀನ್ಸ್, ಮ್ಯಾಸಚುಸೆಟ್ಸ್.